ರಷ್ಯಾದ ಅರಮನೆ, ಕೆಥೆಡ್ರಲ್‌ಗಳನ್ನು ಮನೆಮಂದಿಯೆಲ್ಲ ನೋಡಿಬರುವುದು ಹೇಗೆ: ಸಮಗ್ರ ಮಾರ್ಗದರ್ಶಿ

ರಷ್ಯಾದ ಅರಮನೆಯೊಳಗೆ ಕಾಲಿಟ್ಟ ಮೊದಲ ಅರ್ಧ ಗಂಟೆ ಎಲ್ಲಿ ನೋಡುವುದು, ಎಲ್ಲಿ ಬಿಡುವುದು ಎಂದು ತಿಳಿಯುವುದಿಲ್ಲ. ಚಿನ್ನದ ಲೇಪದ ಬಾಗಿಲು, ಚಾವಣಿಯ ತುಂಬ ಚಿತ್ರ, ಗೋಡೆಯುದ್ದಕ್ಕೂ ಕನ್ನಡಿ. ಎರಡು ಗಂಟೆ ಕಳೆಯುವಷ್ಟರಲ್ಲಿ ಮಕ್ಕಳು ನೆಲದ ಮೇಲೆ ಕೂರಲು ಜಾಗ ಹುಡುಕುತ್ತಾರೆ, ಅಜ್ಜಿಗೆ ಮಂಡಿ ನೋವು, ದೊಡ್ಡವರಿಗೂ ಎಲ್ಲ ಕೋಣೆಯೂ ಒಂದೇ ಥರ ಕಾಣತೊಡಗುತ್ತದೆ. ಟೂರ್ ಕಂಪನಿಗಳು ಒಂದೇ ದಿನದಲ್ಲಿ ಒಂದು ಅರಮನೆ, ಎರಡು ಚರ್ಚು, ಒಂದು ಕೋಟೆ ಎಂದು ಪಟ್ಟಿ ಕೊಡುತ್ತವೆ. ಸಂಸಾರ ಕಟ್ಟಿಕೊಂಡು ಹೋಗುವವರಿಗೆ ಆ ಪಟ್ಟಿ ಬೇಡ.

ನಾನು ಹೇಳುವ ಸೂತ್ರ ಇಷ್ಟೇ: ದಿನಕ್ಕೆ ಒಂದೇ ದೊಡ್ಡ ಕಟ್ಟಡ, ಆ ಕಟ್ಟಡಕ್ಕೆ ಒಂದು ಕಥೆ. ಯಾರು ಕಟ್ಟಿಸಿದರು, ಹೇಗೆ ಸುಟ್ಟಿತು ಅಥವಾ ಒಡೆಯಿತು, ಮತ್ತೆ ಯಾರು ಎತ್ತಿ ನಿಲ್ಲಿಸಿದರು ಎಂಬುದನ್ನು ಹಿಂದಿನ ರಾತ್ರಿಯೇ ಮಕ್ಕಳಿಗೆ ಹೇಳಿಬಿಡಿ. ರಷ್ಯಾದಲ್ಲಿ ಇಂದು ನಾವು ಬಾಯಿಬಿಟ್ಟು ನೋಡುವ ವೈಭವದ ಬಹುಪಾಲು ಒಮ್ಮೆ ಹಾಳಾಗಿ ಮತ್ತೆ ಕೈಯಿಂದಲೇ ಮಾಡಿದ್ದು. ಅದು ಗೊತ್ತಿದ್ದರೆ ಚಿನ್ನದ ಗೋಡೆಗೂ ಜೀವ ಬರುತ್ತದೆ.

ಹೋಗುವ ಮುನ್ನ ಯೋಚಿಸಬೇಕಾದದ್ದು

2022ರ ಫೆಬ್ರುವರಿಯಿಂದ ರಷ್ಯಾ ಉಕ್ರೇನ್ ಮೇಲೆ ಯುದ್ಧ ಮಾಡುತ್ತಿದೆ. ಡ್ರೋನ್ ದಾಳಿಯ ಭಯದಿಂದ ವಿಮಾನ ನಿಲ್ದಾಣಗಳನ್ನು ಕೆಲ ಗಂಟೆ ಮುಚ್ಚುವುದು, ಮೊಬೈಲ್ ಇಂಟರ್‌ನೆಟ್ ಕಡಿತ, ಜಿಪಿಎಸ್ ದಾರಿ ತಪ್ಪುವುದು ಇವೆಲ್ಲ ನಡೆದಿವೆ. ಮಕ್ಕಳು, ವಯಸ್ಸಾದವರು ಜೊತೆಗಿರುವಾಗ ಇದನ್ನು ತಳ್ಳಿಹಾಕುವಂತಿಲ್ಲ. ಟಿಕೆಟ್ ಮಾಡಿಸುವ ಮೊದಲೊಮ್ಮೆ, ಹೊರಡುವ ವಾರ ಇನ್ನೊಮ್ಮೆ ನಮ್ಮ ವಿದೇಶಾಂಗ ಸಚಿವಾಲಯದ ಸೂಚನೆ ಓದಿ. ಪ್ರಯಾಣ ವಿಮೆಯಲ್ಲಿ ರಷ್ಯಾ ಸೇರಿದೆಯೇ ಎಂದು ಲಿಖಿತವಾಗಿ ಕೇಳಿ. ಮನಸ್ಸು ಒಪ್ಪದಿದ್ದರೆ ಮುಂದೂಡಿ, ಈ ಕಟ್ಟಡಗಳು ಅಲ್ಲೇ ಇರುತ್ತವೆ.

ಹಂತ 1: ತಿಂಗಳು ಗೊತ್ತುಮಾಡುವುದು

ನಮ್ಮ ಏಪ್ರಿಲ್–ಮೇ ರಜೆಯಲ್ಲಿ ಹೋಗುವುದಾದರೆ ಮೇ ತಿಂಗಳ ಕೊನೆಯ ಎರಡು ವಾರ ಹಿಡಿಯಿರಿ. ಅಷ್ಟರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಹತ್ತಿರದ ಪೀಟರ್‌ಹಾಫ್ ಅರಮನೆಯ ಕಾರಂಜಿಗಳು ಶುರುವಾಗಿರುತ್ತವೆ, ನಗರದಲ್ಲಿ ರಾತ್ರಿ ಹತ್ತಾದರೂ ಬೆಳಕಿರುತ್ತದೆ, ಬೇಸಗೆಯ ಜನಜಂಗುಳಿ ಇನ್ನೂ ಬಂದಿರುವುದಿಲ್ಲ. ಮೇ 9 ಅವರ ವಿಜಯ ದಿನ. ಅದರ ಹಿಂದಿನ ದಿನಗಳಲ್ಲಿ ಪಥಸಂಚಲನದ ತಾಲೀಮಿಗೆಂದು ಮಾಸ್ಕೋದ ಕೆಂಪು ಚೌಕವನ್ನು ಮುಚ್ಚುತ್ತಾರೆ, ಆದ್ದರಿಂದ ಮೇ ಮೊದಲ ವಾರ ಮಾಸ್ಕೋ ಬೇಡ. ದಸರಾ ರಜೆಯಲ್ಲಿ ಹೋದರೆ ಉದ್ಯಾನಗಳ ಮರಗಳು ಹಳದಿಯಾಗಿ ಚೆಲುವಾಗಿರುತ್ತವೆ, ಆದರೆ ಅಕ್ಟೋಬರಿನಲ್ಲಿ ಕಾರಂಜಿ ನಿಲ್ಲಿಸುವ ಹೊತ್ತು. ಡಿಸೆಂಬರಿನಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ ಹಗಲೇ ಆರು ಗಂಟೆ. ಹಿಮ ನೋಡುವ ಆಸೆ ಇದ್ದವರಿಗೆ ಸರಿ, ಅರಮನೆಯ ಉದ್ಯಾನ ನೋಡುವವರಿಗಲ್ಲ.

ಹಂತ 2: ವಾರದ ರಜೆಯ ಮೇಲೆ ದಿನಚರಿ ಕಟ್ಟುವುದು

ಇದು ಇಡೀ ಮಾರ್ಗದರ್ಶಿಯಲ್ಲಿ ಅತಿ ಮುಖ್ಯವಾದ ಮಾತು. ರಷ್ಯಾದ ದೊಡ್ಡ ಮ್ಯೂಸಿಯಂಗಳು ವಾರದ ಬೇರೆ ಬೇರೆ ದಿನ ಮುಚ್ಚುತ್ತವೆ. ಪೀಟರ್ಸ್‌ಬರ್ಗ್‌ನ ಹರ್ಮಿಟೇಜ್ ಮ್ಯೂಸಿಯಂಗೆ ಸೋಮವಾರ ರಜೆ. ಪೀಟರ್‌ಹಾಫ್‌ನ ದೊಡ್ಡ ಅರಮನೆಗೂ ಸೋಮವಾರ, ಆದರೆ ಅಲ್ಲಿನ ಕೆಳ ಉದ್ಯಾನ ತೆರೆದಿರುತ್ತದೆ. ತ್ಸಾರ್ಸ್ಕೊಯೆ ಸೆಲೊದ ಕ್ಯಾಥರೀನ್ ಅರಮನೆಗೆ ಮಂಗಳವಾರ. ಪೀಟರ್ಸ್‌ಬರ್ಗ್‌ನ ಇಸಾಕ್ ಕೆಥೆಡ್ರಲ್, ರಕ್ತ ಚೆಲ್ಲಿದ ಜಾಗದ ಚರ್ಚು ಎರಡಕ್ಕೂ ಸಾಮಾನ್ಯವಾಗಿ ಬುಧವಾರ. ಮಾಸ್ಕೋದ ಕ್ರೆಮ್ಲಿನ್ ಕೋಟೆಗೆ ಗುರುವಾರ. ಬೇಸಗೆಯ ತಿಂಗಳುಗಳಲ್ಲಿ ಕೆಲವು ಕಡೆ ರಜೆ ಬಿಡುತ್ತಾರೆ, ಹಬ್ಬಗಳಲ್ಲಿ ಬದಲಿಸುತ್ತಾರೆ. ಹಾಗಾಗಿ ಆಯಾ ಮ್ಯೂಸಿಯಂನ ಜಾಲತಾಣದಲ್ಲಿ ನಿಮ್ಮ ದಿನಾಂಕಕ್ಕೆ ಏನಿದೆ ಎಂದು ನೋಡಿ ಖಚಿತ ಮಾಡಿಕೊಳ್ಳಿ.

ಪೀಟರ್ಸ್‌ಬರ್ಗ್‌ಗೆ ಐದು ದಿನ, ಮಾಸ್ಕೋಗೆ ನಾಲ್ಕು ದಿನ ಇಟ್ಟರೆ ಉಸಿರಾಡಲು ಬಿಡುವು ಸಿಗುತ್ತದೆ. ನನ್ನ ಲೆಕ್ಕ ಹೀಗೆ: ಶನಿವಾರ ಪೀಟರ್ಸ್‌ಬರ್ಗ್ ತಲುಪಿ ವಿಶ್ರಾಂತಿ, ಭಾನುವಾರ ಚರ್ಚುಗಳು, ಸೋಮವಾರ ಪೀಟರ್‌ಹಾಫ್‌ನ ಕಾರಂಜಿ (ಅರಮನೆಯೊಳಗೆ ಹೋಗಲೇಬೇಕೆಂಬುವರು ಬೇರೆ ದಿನ ಹುಡುಕಿ), ಮಂಗಳವಾರ ಹರ್ಮಿಟೇಜ್, ಬುಧವಾರ ಕ್ಯಾಥರೀನ್ ಅರಮನೆ, ಗುರುವಾರ ರೈಲು ಹತ್ತಿ ಮಾಸ್ಕೋ, ಶುಕ್ರವಾರ ಕ್ರೆಮ್ಲಿನ್. ಕ್ರೆಮ್ಲಿನ್ ಮುಚ್ಚಿರುವ ಗುರುವಾರವೇ ನೀವು ರೈಲಿನಲ್ಲಿರುತ್ತೀರಿ. ಒಂದು ದಿನವೂ ಬೀಗದ ಮುಂದೆ ನಿಲ್ಲಬೇಕಾಗುವುದಿಲ್ಲ.

ಹಂತ 3: ವೀಸಾ, ದುಡ್ಡು, ಫೋನ್

ಭಾರತೀಯರಿಗೆ 2023ರ ಆಗಸ್ಟ್‌ನಿಂದ ಇ-ವೀಸಾ ಸಿಗುತ್ತದೆ. ರಷ್ಯಾದ ವಿದೇಶಾಂಗ ಸಚಿವಾಲಯದ ಅಧಿಕೃತ ಜಾಲತಾಣದಲ್ಲೇ ಅರ್ಜಿ ಹಾಕಿ, ಮಧ್ಯವರ್ತಿಯ ಅಗತ್ಯವಿಲ್ಲ. ಮಕ್ಕಳಿಗೂ ಪ್ರತ್ಯೇಕ ಅರ್ಜಿ ಬೇಕು. ಒಂದೇ ಸಲದ ಪ್ರವೇಶ, ಅದೂ ಗೊತ್ತುಪಡಿಸಿದ ಗಡಿಠಾಣೆಗಳಿಂದ ಮಾತ್ರ (ಎರಡೂ ನಗರಗಳ ಮುಖ್ಯ ವಿಮಾನ ನಿಲ್ದಾಣಗಳು ಅದರಲ್ಲಿವೆ). ತಂಗಲು ಎಷ್ಟು ದಿನ ಎಂಬ ನಿಯಮ ಈಚೆಗೆ ಸಡಿಲವಾಗಿದೆ, ಅರ್ಜಿ ಹಾಕುವ ದಿನ ಅಲ್ಲಿರುವ ಸಂಖ್ಯೆಯನ್ನೇ ನಂಬಿ. ಪಾಸ್‌ಪೋರ್ಟ್‌ನಲ್ಲಿರುವ ಹೆಸರಿನ ಒಂದಕ್ಷರವೂ ಆಚೀಚೆ ಆಗಬಾರದು. ನಮ್ಮಲ್ಲಿ ಅಪ್ಪನ ಹೆಸರು, ಊರ ಹೆಸರು, ಇನಿಷಿಯಲ್ ಎಲ್ಲ ಒಂದರೊಳಗೊಂದು ಸೇರಿರುವುದರಿಂದ ಇದನ್ನು ಎರಡೆರಡು ಸಲ ಓದಿ.

ದುಡ್ಡಿನ ವಿಷಯ ಬೇರೆ ಯಾವ ದೇಶಕ್ಕೂ ಹೋಲುವುದಿಲ್ಲ. 2022ರ ಮಾರ್ಚ್‌ನಿಂದ ಹೊರದೇಶದ ಬ್ಯಾಂಕುಗಳು ಕೊಟ್ಟ ವೀಸಾ, ಮಾಸ್ಟರ್‌ಕಾರ್ಡ್ ಕಾರ್ಡುಗಳು ಅಲ್ಲಿ ನಡೆಯುವುದಿಲ್ಲ. ಎಟಿಎಂ ಇಲ್ಲ, ಹೋಟೆಲ್‌ನಲ್ಲಿ ಸ್ವೈಪ್ ಇಲ್ಲ. ಇಡೀ ಪ್ರವಾಸದ ಖರ್ಚು ನಗದಿನಲ್ಲಿ ಹೋಗಬೇಕು. ಡಾಲರ್ ಅಥವಾ ಯೂರೋ ಒಯ್ದು ಅಲ್ಲಿನ ಬ್ಯಾಂಕಿನಲ್ಲಿ ರೂಬಲ್ ಮಾಡಿಸಿ. ನೋಟು ಹೊಸದಿರಲಿ. ಗೀರು, ಮಡಿಕೆ, ಮಸಿ ಇದ್ದರೆ ತೆಗೆದುಕೊಳ್ಳಲು ಹಿಂಜರಿಯುತ್ತಾರೆ. ವಿದೇಶ ಪ್ರವಾಸಕ್ಕೆ ಒಯ್ಯುವ ನಗದಿಗೆ ನಮ್ಮ ರಿಸರ್ವ್ ಬ್ಯಾಂಕ್ 3000 ಡಾಲರ್ ಮಿತಿ ಇಟ್ಟಿದ್ದರೂ ರಷ್ಯಾಕ್ಕೆ ಹೋಗುವವರಿಗೆ ಅದರಿಂದ ವಿನಾಯಿತಿ ಇದೆ. ಫಾರೆಕ್ಸ್ ಅಂಗಡಿಯಲ್ಲಿ ಇದನ್ನು ಎತ್ತಿ ಕೇಳಿ. ದುಡ್ಡನ್ನು ಮನೆಯ ಇಬ್ಬರು ಮೂವರು ದೊಡ್ಡವರಲ್ಲಿ ಹಂಚಿಡಿ.

ಫೋನಿನಲ್ಲಿ ಯಾಂಡೆಕ್ಸ್ ನಕ್ಷೆ, ಯಾಂಡೆಕ್ಸ್ ಟ್ಯಾಕ್ಸಿ ಎರಡನ್ನೂ ಮನೆಯಲ್ಲೇ ಹಾಕಿಕೊಳ್ಳಿ. ನಕ್ಷೆಯನ್ನೂ ರಷ್ಯನ್ ಅನುವಾದದ ಕಡತವನ್ನೂ ಆಫ್‌ಲೈನ್ ಇಳಿಸಿಡಿ. ಹೊರದೇಶದವರಿಗೆ ಸಿಮ್ ಕೊಡುವ ನಿಯಮ ಬಿಗಿಯಾಗಿದೆ, ಹಾಗಾಗಿ ಬಂದಿಳಿದ ಕೂಡಲೆ ಸಿಮ್ ಸಿಗುತ್ತದೆಂದು ಎಣಿಸಬೇಡಿ. ಹೋಟೆಲಿನ ವಿಳಾಸವನ್ನು ರಷ್ಯನ್ ಲಿಪಿಯಲ್ಲಿ ಬರೆಸಿ ಪ್ರತಿಯೊಬ್ಬರ ಜೇಬಿನಲ್ಲಿಡಿ, ಮಕ್ಕಳ ಜೇಬಿನಲ್ಲಂತೂ ಖಂಡಿತ.

ಹಂತ 4: ಟಿಕೆಟ್

ಹರ್ಮಿಟೇಜ್, ಕ್ಯಾಥರೀನ್ ಅರಮನೆ, ಕ್ರೆಮ್ಲಿನ್‌ನ ಆಯುಧಾಗಾರ ಮೂರಕ್ಕೂ ಒಳಹೋಗುವ ಹೊತ್ತು ನಮೂದಿಸಿದ ಟಿಕೆಟ್ ಇರುತ್ತದೆ. ನಮ್ಮ ಕಾರ್ಡು ನಡೆಯದ ಕಾರಣ ಆನ್‌ಲೈನ್‌ನಲ್ಲಿ ಕೊಳ್ಳುವುದು ಕಷ್ಟ. ಹೋಟೆಲಿನವರನ್ನೋ ಅಲ್ಲಿನ ಟ್ರಾವೆಲ್ ಏಜೆಂಟರನ್ನೋ ಕೇಳಿ ಮುಂಚಿತವಾಗಿ ಮಾಡಿಸಿ, ದುಡ್ಡನ್ನು ಅಲ್ಲಿಗೆ ಹೋದ ಮೇಲೆ ನಗದಾಗಿ ಕೊಡಿ. ಬೆಳಗಿನ ಮೊದಲ ಹೊತ್ತೇ ಕೇಳಿ. ಮಕ್ಕಳ ರಿಯಾಯಿತಿಗೆ ಅವರ ಪಾಸ್‌ಪೋರ್ಟ್ ತೋರಿಸಬೇಕಾಗಬಹುದು.

ಒಳಗೆ ಹೋದ ಕೂಡಲೆ ದಪ್ಪ ಕೋಟು, ಬೆನ್ನುಚೀಲ, ಕೊಡೆ ಎಲ್ಲವನ್ನೂ ‘ಗಾರ್ದೆರೋಬ್’ ಎಂಬ ಕೌಂಟರಿನಲ್ಲಿ ಕೊಟ್ಟು ಬಿಲ್ಲೆ ಪಡೆಯಬೇಕು. ಇದು ಕಡ್ಡಾಯ, ವಾದಕ್ಕೆ ಜಾಗವಿಲ್ಲ. ಪಾಸ್‌ಪೋರ್ಟ್, ದುಡ್ಡು, ಮಾತ್ರೆಗಳಿಗೆಂದು ಹೆಗಲಿಗೆ ಹಾಕುವ ಸಣ್ಣ ಚೀಲ ಬೇರೆ ಇರಲಿ.

ಹಂತ 5: ಹರ್ಮಿಟೇಜ್ ದಿನ

ಹರ್ಮಿಟೇಜ್ ಇರುವ ಚಳಿಗಾಲದ ಅರಮನೆಯನ್ನು ರಷ್ಯಾದ ಮಹಾರಾಣಿ ಎಲಿಜಬೆತ್‌ಗಾಗಿ ಇಟಲಿ ಮೂಲದ ರಾಸ್ಟ್ರೆಲ್ಲಿ 1754ರಿಂದ 1762ರವರೆಗೆ ಕಟ್ಟಿದ. ಮುಗಿಯುವ ಹೊತ್ತಿಗೆ ಆಕೆ ಬದುಕಿರಲಿಲ್ಲ. 1764ರಲ್ಲಿ ಎರಡನೇ ಕ್ಯಾಥರೀನ್ ಬರ್ಲಿನ್ನಿನ ವ್ಯಾಪಾರಿಯೊಬ್ಬನ ಚಿತ್ರಸಂಗ್ರಹ ಕೊಂಡಳು, ಹರ್ಮಿಟೇಜ್ ಮ್ಯೂಸಿಯಂ ಅಲ್ಲಿಂದ ಶುರು. ಇಡೀ ಮ್ಯೂಸಿಯಂ ನೋಡುತ್ತೇವೆಂದು ಹೊರಡಬೇಡಿ. ಮೂರು ಗಂಟೆಗೆ ಈ ದಾರಿ ಸಾಕು.

ಜೋರ್ಡನ್ ಮೆಟ್ಟಿಲಿನಿಂದ ಏರಿ. ಬಿಳಿ ಅಮೃತಶಿಲೆ, ಚಿನ್ನ, ಕನ್ನಡಿ. ಹೊರದೇಶದ ರಾಯಭಾರಿಗಳ ಎದೆ ನಡುಗಿಸಲೆಂದೇ ಮಾಡಿದ್ದು. ಮುಂದೆ 1812ರ ಯುದ್ಧದ ಗ್ಯಾಲರಿ. ನೆಪೋಲಿಯನ್ನನ್ನು ಸೋಲಿಸಿದ 332 ಸೇನಾಧಿಕಾರಿಗಳ ಭಾವಚಿತ್ರಗಳಿವೆ, ನಡುವೆ ಹೆಸರು ಮಾತ್ರವಿದ್ದು ಹಸಿರು ಬಟ್ಟೆ ಹೊದ್ದ 13 ಚೌಕಟ್ಟುಗಳು. ಅವನ್ನು ಹುಡುಕುವ ಕೆಲಸ ಮಕ್ಕಳಿಗೆ ಕೊಡಿ. 1837ರ ಡಿಸೆಂಬರಿನಲ್ಲಿ ಅರಮನೆಗೆ ಬೆಂಕಿ ಬಿದ್ದಾಗ ಸೈನಿಕರು ಈ ಚಿತ್ರಗಳನ್ನು ಹೊರಗೆ ಸಾಗಿಸಿ ಉಳಿಸಿದರು. ಒಳಗಿನ ಅಲಂಕಾರ ಬಹುಪಾಲು ಆ ಬೆಂಕಿಯ ನಂತರ ಮಾಡಿದ್ದು. ಹಸಿರು ಮಲಕೈಟ್ ಕಲ್ಲಿನ ಕಂಬಗಳ ಕೋಣೆಯೂ ಹಾಗೆಯೇ. 1917ರ ಕ್ರಾಂತಿಯಲ್ಲಿ ತಾತ್ಕಾಲಿಕ ಸರ್ಕಾರದ ಮಂತ್ರಿಗಳನ್ನು ಬಂಧಿಸಿದ್ದು ಇದರ ಪಕ್ಕದ ಸಣ್ಣ ಊಟದ ಕೋಣೆಯಲ್ಲಿ.

ಆಮೇಲೆ ಪೆವಿಲಿಯನ್ ಹಾಲ್‌ನ ನವಿಲು ಗಡಿಯಾರ. ಇಂಗ್ಲೆಂಡಿನ ಜೇಮ್ಸ್ ಕಾಕ್ಸ್‌ನ ಕಾರ್ಖಾನೆಯಲ್ಲಿ 18ನೇ ಶತಮಾನದಲ್ಲಿ ಆದದ್ದು, ಇಂದಿಗೂ ನಡೆಯುತ್ತದೆ: ನವಿಲು ಗರಿ ಬಿಚ್ಚುತ್ತದೆ, ಕೋಳಿ ಕೂಗುತ್ತದೆ, ಗೂಬೆ ತಲೆ ತಿರುಗಿಸುತ್ತದೆ. ಪಕ್ಕದ ಪರದೆಯಲ್ಲಿ ಅದರ ಆಟದ ವಿಡಿಯೊ ಓಡುತ್ತಿರುತ್ತದೆ. ಅಲ್ಲಿಂದ ಲಿಯೊನಾರ್ಡೊನ ಎರಡು ಮಡೊನ್ನಾ (ಮಗು ಯೇಸುವಿನೊಂದಿಗೆ ಮೇರಿ) ಚಿತ್ರಗಳು, ಕೊನೆಗೆ ರೆಂಬ್ರಾಂಟ್‌ನ ಚಿತ್ರ. ದಾರಿ ತಪ್ಪಿದ ಮಗ ಮನೆಗೆ ಮರಳಿ ಅಪ್ಪನ ಮುಂದೆ ಮಂಡಿಯೂರಿದ ಚಿತ್ರದ ಎದುರು ಹತ್ತು ನಿಮಿಷ ನಿಲ್ಲಿ. ಅಪ್ಪನ ಎರಡು ಕೈಗಳನ್ನು ನೋಡಿ.

ಇಲ್ಲೊಂದು ಮಾತು ಮಕ್ಕಳಿಗೆ ಹೇಳಲೇಬೇಕು. 1941ರಲ್ಲಿ ಜರ್ಮನ್ನರು ನಗರವನ್ನು ಸುತ್ತುವರಿದರು, ಮುತ್ತಿಗೆ 872 ದಿನ ನಡೆಯಿತು. ಅದಕ್ಕೆ ಮೊದಲೇ ಚಿತ್ರಗಳನ್ನು ರೈಲಿನಲ್ಲಿ ಉರಲ್ ಕಡೆಗೆ ಕಳಿಸಿ, ಖಾಲಿ ಚೌಕಟ್ಟುಗಳನ್ನು ಗೋಡೆಯ ಮೇಲೆಯೇ ಬಿಟ್ಟಿದ್ದರು. ಅನ್ನವಿಲ್ಲದ ಆ ದಿನಗಳಲ್ಲಿ ಸಿಬ್ಬಂದಿ ಸೈನಿಕರಿಗೆ ಖಾಲಿ ಚೌಕಟ್ಟುಗಳ ಮುಂದೆ ನಿಂತು, ಇಲ್ಲಿ ಈ ಚಿತ್ರವಿತ್ತು, ಈ ಬಣ್ಣವಿತ್ತು ಎಂದು ನೆನಪಿನಿಂದ ವಿವರಿಸಿದರು. ಇದನ್ನು ಕೇಳಿದ ಮೇಲೆ ಮಕ್ಕಳು ಗ್ಯಾಲರಿಯಲ್ಲಿ ಓಡಾಡುವ ರೀತಿಯೇ ಬೇರೆಯಾಗುತ್ತದೆ.

ಹಂತ 6: ಪೀಟರ್ಸ್‌ಬರ್ಗ್‌ನ ಚರ್ಚುಗಳು

ಇಲ್ಲಿ ಎರಡು ಬಗೆಯ ಚರ್ಚುಗಳಿವೆ. ಟಿಕೆಟ್ ಕೊಟ್ಟು ಒಳಹೋಗುವ ಮ್ಯೂಸಿಯಂ ಚರ್ಚುಗಳು ಒಂದು, ನಿತ್ಯ ಪೂಜೆ ನಡೆಯುವ, ಟಿಕೆಟ್ ಇಲ್ಲದ ಚರ್ಚುಗಳು ಇನ್ನೊಂದು. ಎರಡನ್ನೂ ನೋಡಿ.

ಇಸಾಕ್ ಕೆಥೆಡ್ರಲ್ ಕಟ್ಟಲು 1818ರಿಂದ 1858ರವರೆಗೆ ನಲವತ್ತು ವರ್ಷ ಹಿಡಿಯಿತು. ವಾಸ್ತುಶಿಲ್ಪಿ ಮೊಂಫೆರಾನ್ ಬದುಕಿನ ಬಹುಪಾಲು ಇದಕ್ಕೆ ಸವೆಸಿ, ಉದ್ಘಾಟನೆಯ ಬೆನ್ನಿಗೇ ತೀರಿಕೊಂಡ. ಮುಂಭಾಗದ ಕೆಂಪು ಗ್ರಾನೈಟ್ ಕಂಬ ಒಂದೊಂದೂ ನೂರು ಟನ್ನಿಗೂ ಹೆಚ್ಚು ತೂಕದ ಅಖಂಡ ಕಲ್ಲು. ಗುಮ್ಮಟಕ್ಕೆ ಹಚ್ಚಿದ ಚಿನ್ನ ಸುಮಾರು 100 ಕೆ.ಜಿ. ಪಾದರಸದಲ್ಲಿ ಚಿನ್ನ ಕರಗಿಸಿ ಬಳಿದು ಕಾಯಿಸುವ ವಿಧಾನ ಅದು, ಆ ಹೊಗೆ ಕುಡಿದು ಹಲವು ಕೆಲಸಗಾರರು ಸತ್ತರು. ಮೇಲಿನ ಕಂಬಸಾಲಿಗೆ ಬೇರೆ ಟಿಕೆಟ್, 262 ಮೆಟ್ಟಿಲು, ಸುರುಳಿ ದಾರಿ. ಮಂಡಿ ನೋವಿನವರು ಕೆಳಗೇ ಉಳಿಯಲಿ. ಮೇಲೇರಿದವರಿಗೆ ನೇವಾ ನದಿ, ಅರಮನೆ, ಇಡೀ ನಗರ ಒಂದೇ ನೋಟದಲ್ಲಿ ಸಿಗುತ್ತದೆ.

ಕಾಲುವೆಯ ಅಂಚಿನಲ್ಲಿರುವ ಬಣ್ಣಬಣ್ಣದ ಗುಮ್ಮಟಗಳ ‘ರಕ್ತ ಚೆಲ್ಲಿದ ಜಾಗದ ಚರ್ಚು’, ರೈತರನ್ನು ಜೀತದಿಂದ ಬಿಡಿಸಿದ ಅರಸ ಎರಡನೇ ಅಲೆಕ್ಸಾಂಡರ್ 1881ರಲ್ಲಿ ಬಾಂಬಿಗೆ ಗುರಿಯಾದ ಜಾಗದಲ್ಲೇ ನಿಂತಿದೆ. ಅವನು ಬಿದ್ದ ಬೀದಿಯ ಕಲ್ಲುಗಳನ್ನು ಒಳಗೆ ಕಲ್ಲಿನ ಮಂಟಪದಡಿ ಹಾಗೇ ಉಳಿಸಿದ್ದಾರೆ. 1883ರಿಂದ 1907ರವರೆಗೆ ಕಟ್ಟಿದ್ದು. ಒಳಗೆ ಏಳು ಸಾವಿರ ಚದರ ಮೀಟರಿಗೂ ಹೆಚ್ಚು ಜಾಗ ಮೊಸಾಯಿಕ್ ಚಿತ್ರ, ಚಾವಣಿಯಿಂದ ನೆಲದವರೆಗೆ. ಬಣ್ಣ ಬಳಿದದ್ದೆಂದು ದೂರದಿಂದ ಅನಿಸುತ್ತದೆ, ಹತ್ತಿರ ಹೋದರೆ ಒಂದೊಂದೂ ಗಾಜಿನ, ಕಲ್ಲಿನ ಚೂರು. ಸೋವಿಯತ್ ಕಾಲದಲ್ಲಿ ಇದು ಉಗ್ರಾಣವಾಗಿತ್ತು. ಕೆಡವುವ ಯೋಚನೆಯೂ ಇತ್ತು. ದಶಕಗಳ ದುರಸ್ತಿಯ ನಂತರ 1997ರಲ್ಲಿ ಮತ್ತೆ ತೆರೆಯಿತು. ಒಂದೇ ಚರ್ಚು ನೋಡಲು ಹೊತ್ತಿದೆ ಎಂದರೆ ನಾನು ಇದನ್ನೇ ಹೇಳುತ್ತೇನೆ.

ನೆವ್‌ಸ್ಕಿ ರಸ್ತೆಯ ಕಜಾನ್ ಕೆಥೆಡ್ರಲ್‌ಗೆ ಟಿಕೆಟ್ ಇಲ್ಲ. ಸಂಜೆ ಪ್ರಾರ್ಥನೆಯ ಹೊತ್ತಿಗೆ ಹೋಗಿ. ವಾದ್ಯಗಳಿಲ್ಲ, ಬರಿಯ ಕಂಠದ ಹಾಡು. ರೋಮನೊವ್ ಅರಸರ ಸಮಾಧಿಗಳಿರುವ ಪೀಟರ್–ಪಾಲ್ ಕೋಟೆಯ ಚರ್ಚನ್ನು ಇತಿಹಾಸದಲ್ಲಿ ಆಸಕ್ತಿ ಇದ್ದವರು ಸೇರಿಸಿಕೊಳ್ಳಿ. ಕೊನೆಯ ತ್ಸಾರ್ ಎರಡನೇ ನಿಕೊಲಾಸ್‌ನ ಅವಶೇಷಗಳನ್ನು 1998ರಲ್ಲಿ ಅಲ್ಲಿ ಹೂಳಲಾಯಿತು.

ಚರ್ಚಿನೊಳಗೆ ನಡೆದುಕೊಳ್ಳುವ ರೀತಿ

ಚಪ್ಪಲಿ, ಬೂಟು ಬಿಚ್ಚುವುದಿಲ್ಲ. ನಮ್ಮ ಮಕ್ಕಳು ಅಭ್ಯಾಸಬಲದಿಂದ ಬಾಗಿಲಲ್ಲೇ ಬಿಡಲು ಹೋಗುತ್ತಾರೆ, ಮೊದಲೇ ಹೇಳಿಡಿ. ಹೆಂಗಸರು ತಲೆಗೆ ಬಟ್ಟೆ ಹೊದೆಯಬೇಕು, ದುಪಟ್ಟಾ ಅಥವಾ ಸೀರೆಯ ಸೆರಗು ಸಾಕು. ಗಂಡಸರು ಟೋಪಿ ತೆಗೆಯಬೇಕು. ಹೆಗಲು, ಮಂಡಿ ಮುಚ್ಚಿರಲಿ. ಆರ್ಥಡಾಕ್ಸ್ ಚರ್ಚುಗಳಲ್ಲಿ ಬೆಂಚುಗಳಿಲ್ಲ, ಎಲ್ಲರೂ ನಿಂತೇ ಪ್ರಾರ್ಥಿಸುತ್ತಾರೆ. ವಯಸ್ಸಾದವರಿಗೆಂದು ಗೋಡೆಯ ಬದಿ ಕೆಲವು ಆಸನ ಇರುವುದುಂಟು.

ಎದುರಿಗೆ ಸಾಲುಸಾಲು ಸಂತಚಿತ್ರಗಳ ಎತ್ತರದ ಗೋಡೆ ಕಾಣುತ್ತದೆ, ಅದರ ನಡುವೆ ಬಾಗಿಲು. ಅದರಾಚೆಗಿನ ಜಾಗ ನಮ್ಮ ಗರ್ಭಗುಡಿ ಇದ್ದಂತೆ, ಪುರೋಹಿತರನ್ನು ಬಿಟ್ಟು ಯಾರೂ ಹೋಗುವಂತಿಲ್ಲ. ಪೂಜೆ ನಡೆಯುವಾಗ ಫೋಟೊ ಬೇಡ, ಪ್ರಾರ್ಥಿಸುವವರ ಮುಂದೆ ಅಡ್ಡ ಹಾಯುವುದು ಬೇಡ. ಮೇಣದಬತ್ತಿ ಕೊಂಡು ಹಚ್ಚುವುದಕ್ಕೆ ಅಡ್ಡಿಯಿಲ್ಲ.

ಹಂತ 7: ಕ್ಯಾಥರೀನ್ ಅರಮನೆ

ನಗರದಿಂದ ಸುಮಾರು 25 ಕಿ.ಮೀ. ದಕ್ಷಿಣಕ್ಕೆ ಪುಷ್ಕಿನ್ (ಹಳೆಯ ಹೆಸರು ತ್ಸಾರ್ಸ್ಕೊಯೆ ಸೆಲೊ) ಎಂಬ ಊರಿನಲ್ಲಿದೆ. ವಿತೆಬ್‌ಸ್ಕ್ ನಿಲ್ದಾಣದಿಂದ ಲೋಕಲ್ ರೈಲಿನಲ್ಲಿ ಅರ್ಧ ಗಂಟೆ. 1837ರಲ್ಲಿ ರಷ್ಯಾದ ಮೊಟ್ಟಮೊದಲ ಸಾರ್ವಜನಿಕ ರೈಲು ಓಡಿದ್ದು ಇದೇ ದಾರಿಯಲ್ಲಿ. ಹಿರಿಯರಿದ್ದರೆ ಟ್ಯಾಕ್ಸಿಯೇ ವಾಸಿ, ರೈಲಿಳಿದ ಮೇಲೂ ಅರಮನೆ ಸಾಕಷ್ಟು ದೂರ.

ಬಾಗಿಲಲ್ಲಿ ಬೂಟಿನ ಮೇಲೆ ಹಾಕಲು ತೆಳು ಚೀಲ ಕೊಡುತ್ತಾರೆ, ಮರದ ನಕ್ಷೆಯ ನೆಲ ಉಳಿಯಲೆಂದು. ನೀಲಿ, ಬಿಳಿ, ಚಿನ್ನದ ಈ ಉದ್ದನೆಯ ಅರಮನೆಯೂ ರಾಸ್ಟ್ರೆಲ್ಲಿಯದೇ ಕೆಲಸ. ಎಲ್ಲರೂ ಬರುವುದು ಅಂಬರ್ (ಕಲ್ಲಿನಂತೆ ಗಟ್ಟಿಯಾದ ಪುರಾತನ ಮರದ ಅಂಟು) ಕೋಣೆಗೆ. ಜರ್ಮನಿಯ ಪ್ರಷ್ಯ ರಾಜ್ಯದ ಅರಸ 1716ರಲ್ಲಿ ರಷ್ಯಾದ ತ್ಸಾರ್ ಮಹಾ ಪೀಟರ್‌ಗೆ ಉಡುಗೊರೆಯಾಗಿ ಕೊಟ್ಟ ಅಂಬರ್ ಫಲಕಗಳು ಇಲ್ಲಿದ್ದವು. 1941ರಲ್ಲಿ ಜರ್ಮನ್ ಸೇನೆ ಕಳಚಿ ಕ್ಯೋನಿಗ್ಸ್‌ಬರ್ಗ್‌ಗೆ ಸಾಗಿಸಿತು, ಯುದ್ಧದ ಕೊನೆಯಲ್ಲಿ ಅವು ಎಲ್ಲಿ ಹೋದವೋ ಇಂದಿಗೂ ಪತ್ತೆಯಿಲ್ಲ. ಈಗ ಕಾಣುವುದು 1979ರಲ್ಲಿ ಶುರುಮಾಡಿ 2003ರಲ್ಲಿ ಮುಗಿಸಿದ ಮರುಸೃಷ್ಟಿ. ಹಳೆಯ ಫೋಟೊಗಳನ್ನು ನೋಡಿ, ಅಂಬರ್ ಕಡೆಯುವ ಮರೆತ ವಿದ್ಯೆಯನ್ನು ಹೊಸದಾಗಿ ಕಲಿತು ಮಾಡಿದ್ದಾರೆ. ‘ಅಸಲಿ ಅಲ್ಲವಂತೆ’ ಎಂದು ಮೂಗು ಮುರಿಯುವವರಿದ್ದಾರೆ. ನನಗಂತೂ ಅರಸನ ಉಡುಗೊರೆಗಿಂತ ಈ ಕುಶಲಕರ್ಮಿಗಳ ಇಪ್ಪತ್ತನಾಲ್ಕು ವರ್ಷ ದೊಡ್ಡದು. ಹೊರಡುವ ಮುನ್ನ, ಯುದ್ಧದ ನಂತರ ಚಾವಣಿಯಿಲ್ಲದೆ ನಿಂತಿದ್ದ ಇದೇ ಅರಮನೆಯ ಫೋಟೊ ಹುಡುಕಿ ಮಕ್ಕಳಿಗೆ ತೋರಿಸಿ.

ಹಂತ 8: ಪೀಟರ್‌ಹಾಫ್

ಮಕ್ಕಳಿಗೆ ಅತಿ ಹಿಡಿಸುವ ದಿನ ಇದು. ನೇವಾ ದಂಡೆಯಿಂದ ‘ಮೆತಿಯೋರ್’ ಎಂಬ ವೇಗದ ದೋಣಿಯಲ್ಲಿ ಸಮುದ್ರದ ಕಡೆಯಿಂದ ಹೋಗಿ. ದೋಣಿ ಓಡದ ದಿನ ರಸ್ತೆಯಿದೆ. ಕಾರಂಜಿಗಳು ಬೆಳಿಗ್ಗೆ 11ಕ್ಕೆ ಸಂಗೀತದೊಂದಿಗೆ ಚಿಮ್ಮುತ್ತವೆ, ಅಷ್ಟರೊಳಗೆ ದೊಡ್ಡ ಜಲಪಾತದ ಮುಂದೆ ಜಾಗ ಹಿಡಿಯಿರಿ.

ನಡುವೆ ಸಿಂಹದ ಬಾಯಿ ಸೀಳುವ ಬೈಬಲ್ ವೀರ ಸ್ಯಾಮ್ಸನ್‌ನ ಪ್ರತಿಮೆ, ಆ ಬಾಯಿಂದ ಇಪ್ಪತ್ತು ಮೀಟರ್ ಎತ್ತರಕ್ಕೆ ನೀರು. 1709ರಲ್ಲಿ ಪೊಲ್ಟಾವಾದಲ್ಲಿ ಸ್ವೀಡನ್ನನ್ನು ಗೆದ್ದ ನೆನಪು. ಸಿಂಹ ಸ್ವೀಡನ್ನಿನ ಲಾಂಛನ. ಈ ಇಡೀ ವ್ಯವಸ್ಥೆಗೆ ಪಂಪ್ ಇಲ್ಲ. ರೊಪ್ಶಾ ದಿಣ್ಣೆಯ ಬುಗ್ಗೆಗಳಿಂದ ಕಾಲುವೆ ತೋಡಿ ನೀರನ್ನು ಮೇಲಿನ ಕೊಳಗಳಿಗೆ ತಂದು, ಇಳಿಜಾರಿನ ಒತ್ತಡದಿಂದಲೇ ಚಿಮ್ಮಿಸುತ್ತಾರೆ. 1721ರಲ್ಲಿ ಆದ ಈ ಕೆಲಸ ಇಂದಿಗೂ ನಡೆಯುತ್ತಿದೆ. ವಿಜ್ಞಾನ ಓದುವ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಿ. ಹಳೆಯ ಸ್ಯಾಮ್ಸನ್ ಯುದ್ಧದಲ್ಲಿ ಕಳುವಾಯಿತು, ಈಗಿನದು 1947ರದು.

ಕೆಳ ಉದ್ಯಾನದಲ್ಲಿ ಕುಚೇಷ್ಟೆಯ ಕಾರಂಜಿಗಳಿವೆ: ಬೆಂಚಿನ ಹತ್ತಿರ ಹೋದರೆ, ಕೊಡೆಯಡಿ ನಿಂತರೆ ಇದ್ದಕ್ಕಿದ್ದಂತೆ ನೀರು. ಮಕ್ಕಳಿಗೆ ಒಂದು ಜೊತೆ ಬಟ್ಟೆ, ಟವೆಲ್ ಇರಲಿ. ಮರಳುವಾಗ ಬಸ್ಸಿನಲ್ಲಿ ಆವ್ತೋವೊ ಮೆಟ್ರೋ ನಿಲ್ದಾಣಕ್ಕೆ ಬನ್ನಿ. 1955ರ ಆ ನಿಲ್ದಾಣಕ್ಕೆ ಕಡೆದ ಗಾಜು ಹೊದಿಸಿದ ಕಂಬಗಳಿವೆ, ಅರಮನೆಗೇನೂ ಕಡಿಮೆಯಿಲ್ಲ.

ಹಂತ 9: ಮಾಸ್ಕೋ

‘ಸಪ್ಸಾನ್’ ರೈಲು ನಾಲ್ಕು ಗಂಟೆಯಲ್ಲಿ ಮುಟ್ಟಿಸುತ್ತದೆ. ಹತ್ತುವಾಗ ಎಲ್ಲರ ಪಾಸ್‌ಪೋರ್ಟ್ ನೋಡುತ್ತಾರೆ.

ಕ್ರೆಮ್ಲಿನ್‌ಗೆ ಅಲೆಕ್ಸಾಂಡರ್ ಉದ್ಯಾನದ ಬದಿಯಿಂದ ಪ್ರವೇಶ. ಒಳಗಿನ ಕೆಥೆಡ್ರಲ್ ಚೌಕದಲ್ಲಿ ಪೀಟರ್ಸ್‌ಬರ್ಗ್‌ನ ಥಳುಕು ಇಲ್ಲ, ಬಿಳಿ ಗೋಡೆ, ಚಿನ್ನದ ಗುಮ್ಮಟ, ಒಳಗೆ ಕಂಬದಿಂದ ಚಾವಣಿವರೆಗೆ ಚಿತ್ರ. ತ್ಸಾರರ ಪಟ್ಟಾಭಿಷೇಕ ನಡೆಯುತ್ತಿದ್ದ ಉಸ್ಪೆನ್‌ಸ್ಕಿ ಕೆಥೆಡ್ರಲ್ ಅನ್ನು 1475ರಿಂದ 1479ರ ನಡುವೆ ಬೊಲೊನ್ಯದ ಫಿಯೊರವಂತಿ ಕಟ್ಟಿದ. ರಷ್ಯನ್ ಕುಶಲಕರ್ಮಿಗಳು ಕಟ್ಟುತ್ತಿದ್ದುದು ಕುಸಿದುಬಿದ್ದಾಗ ಅವನನ್ನು ಕರೆಸಿದ್ದು. ಅದೇ 1475ರಲ್ಲಿ ಮಾಸ್ಕೋಗೆ ಒಂದು ಹಸ್ತಪ್ರತಿ ಬಂತು: ತ್ವೇರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್‌ನ ಪ್ರವಾಸದ ಟಿಪ್ಪಣಿಗಳು. ಅವನು ನಮ್ಮ ಬೀದರಿನಲ್ಲಿದ್ದವನು. ಬಹಮನಿ ಸುಲ್ತಾನನ ಅರಮನೆಗೆ ಏಳು ಬಾಗಿಲು, ಕಲ್ಲೆಲ್ಲ ಕೆತ್ತನೆ, ಚಿನ್ನ ಎಂದು ಬೆರಗಿನಿಂದ ಬರೆದಿಟ್ಟ. ನಾವು ಅವರ ಅರಮನೆ ನೋಡಿ ಬೆರಗಾಗುವ ಐನೂರು ವರ್ಷ ಮೊದಲೇ ರಷ್ಯನ್ನನೊಬ್ಬ ಬೀದರಿನಲ್ಲಿ ಹೀಗೇ ನಿಂತಿದ್ದ. ಕೆಥೆಡ್ರಲ್ ಚೌಕದಲ್ಲಿ ಇದನ್ನು ಮಕ್ಕಳಿಗೆ ಹೇಳಿ.

ಹೊರಗೆ 1735ರಲ್ಲಿ ಎರಕ ಹೊಯ್ದ, ಎಂದೂ ಬಾರಿಸದ 200 ಟನ್ನಿನ ತ್ಸಾರ್ ಗಂಟೆ ಇದೆ. 1737ರ ಬೆಂಕಿಯಲ್ಲಿ ಅದು ಬಿರಿದು, ಕಳಚಿದ ತುಂಡೇ 11 ಟನ್ನಿಗಿಂತ ಹೆಚ್ಚು.

ಆಯುಧಾಗಾರದಲ್ಲಿ ಸಿಂಹಾಸನ, ರಥ, ಫ್ಯಾಬರ್ಜೆ ಎಂಬ ಅಕ್ಕಸಾಲಿಗನ ರತ್ನದ ಮೊಟ್ಟೆಗಳಿವೆ. ಅದೇ ಕಟ್ಟಡದ ವಜ್ರನಿಧಿಗೆ ಬೇರೆ ಟಿಕೆಟ್, ಕ್ಯಾಮೆರಾ ನಿಷಿದ್ಧ. ದಕ್ಷಿಣ ಭಾರತದವರು ಬಿಡಬಾರದ ಜಾಗ ಇದು. ಕ್ಯಾಥರೀನಳ ರಾಜದಂಡದಲ್ಲಿ ಸುಮಾರು 190 ಕ್ಯಾರೆಟ್‌ನ ಓರ್ಲೊವ್ ವಜ್ರ, ಭಾರತದ್ದು. ಶ್ರೀರಂಗದ ದೇವರ ಕಣ್ಣಿನಿಂದ ಕದ್ದದ್ದೆಂಬ ಕಥೆ ಇದೆ, ಅದಕ್ಕೆ ದಾಖಲೆ ಇಲ್ಲ. ‘ಷಾ’ ಎಂಬ ಇನ್ನೊಂದು ವಜ್ರದ ಮೈಮೇಲೆ ಮೂವರು ಅರಸರ ಹೆಸರು ಕೊರೆದಿದೆ: ಅಹ್ಮದ್‌ನಗರದ ಬುರ್ಹಾನ್ ನಿಜಾಮ್ ಷಾ, ಷಹಜಹಾನ್, ಪರ್ಷಿಯಾದ ಫತಾ ಅಲಿ ಷಾ. 1829ರಲ್ಲಿ ಟೆಹರಾನಿನಲ್ಲಿ ರಷ್ಯಾದ ರಾಯಭಾರಿ ಗ್ರಿಬಯೆದೊವ್ ಕೊಲೆಯಾದ ಮೇಲೆ ತ್ಸಾರನನ್ನು ಸಮಾಧಾನಿಸಲು ಪರ್ಷಿಯಾ ಕೊಟ್ಟದ್ದು. ದಖ್ಖನ್ನಿನ ಇತಿಹಾಸ ಒಂದು ಪುಟ್ಟ ಕಲ್ಲಿನ ಮೇಲೆ ಮಾಸ್ಕೋದಲ್ಲಿ ಕೂತಿದೆ.

ಕೆಂಪು ಚೌಕದ ಬೆಸಿಲ್ ಕೆಥೆಡ್ರಲ್ ಕಜಾನ್ ರಾಜ್ಯವನ್ನು ಗೆದ್ದ ನೆನಪಿಗೆ ತ್ಸಾರ್ ಉಗ್ರ ಇವಾನ್ 1555ರಿಂದ 1561ರವರೆಗೆ ಕಟ್ಟಿಸಿದ್ದು. ಹೊರಗಿನ ಗುಮ್ಮಟ ನೋಡಿ ಒಳಗೂ ವಿಶಾಲ ಎಂದುಕೊಳ್ಳಬೇಡಿ. ಒಂದೇ ಬುನಾದಿಯ ಮೇಲೆ ಪುಟ್ಟ ಪುಟ್ಟ ಚರ್ಚುಗಳು, ನಡುವೆ ಹೂಬಳ್ಳಿ ಬರೆದ ಇಕ್ಕಟ್ಟಾದ ಓಣಿಗಳು, ಕಡಿದಾದ ಮೆಟ್ಟಿಲು. ಮಗುವಿನ ತಳ್ಳುಗಾಡಿ ಹೋಗದು. ಶಿಲ್ಪಿಯ ಕಣ್ಣು ಕೀಳಿಸಿದನೆಂಬ ಕಥೆಯನ್ನು ಗೈಡ್‌ಗಳು ಹೇಳುತ್ತಾರೆ, ನಂಬಬೇಡಿ.

ನದಿಯ ಪಕ್ಕದ ಕ್ರಿಸ್ತ ರಕ್ಷಕ ಕೆಥೆಡ್ರಲ್‌ಗೆ ಅರ್ಧ ದಿನ ಸಾಕು. 1883ರ ಮೂಲ ಕಟ್ಟಡವನ್ನು ಸ್ಟಾಲಿನ್ ಕಾಲದಲ್ಲಿ, 1931ರಲ್ಲಿ ಸಿಡಿಸಿದರು. ಆಮೇಲೆ ಆ ಜಾಗದಲ್ಲಿ ಈಜುಕೊಳವಿತ್ತು. 2000ದಲ್ಲಿ ಮತ್ತೆ ಚರ್ಚು ಎದ್ದಿತು. ಮಳೆಯ ದಿನವಾದರೆ ಮೆಟ್ರೋ ಟಿಕೆಟ್ ಒಂದರಲ್ಲಿ ಕೊಮ್ಸೊಮೊಲ್‌ಸ್ಕಾಯ, ಮಯಾಕೋವ್‌ಸ್ಕಾಯ, ಕೀವ್‌ಸ್ಕಾಯ ನಿಲ್ದಾಣ ನೋಡಿಬನ್ನಿ.

ಊಟ

ಸಸ್ಯಾಹಾರಿಗಳಿಗೆ ಉಪವಾಸ ಬೀಳದು, ಆದರೆ ಬಾಯಿಬಿಟ್ಟು ಕೇಳಬೇಕು. ‘ಬೆಜ್ ಮ್ಯಾಸ’ ಅಂದರೆ ಮಾಂಸ ಬೇಡ. ಮೀನು ಅದರಲ್ಲಿ ಸೇರುವುದಿಲ್ಲ, ‘ಬೆಜ್ ರೀಬಿ’ ಎಂದೂ ಸೇರಿಸಿ. ಬೀಟ್‌ರೂಟಿನ ಬೋರ್ಷ್ ಸಾರು ಸಾಮಾನ್ಯವಾಗಿ ದನದ ಮಾಂಸದ ನೀರಿನಲ್ಲೇ ಮಾಡಿದ್ದು. ‘ಪೋಸ್ತ್ನಯೆ’ ಎಂಬ ವ್ರತದ ಅಡುಗೆ ಕೇಳಿ, ಅದರಲ್ಲಿ ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ. ಆಲೂಗಡ್ಡೆ ತುಂಬಿದ ವರೆನಿಕಿ, ಎಲೆಕೋಸಿನ ಪಿರೊಜ್ಕಿ, ಬ್ಲಿನಿ ದೋಸೆ (ಮೊಟ್ಟೆ ಇರುತ್ತದೆ), ಜಾರ್ಜಿಯಾ ಹೋಟೆಲುಗಳ ಚೀಸ್ ರೊಟ್ಟಿ, ವಾಲ್ನಟ್ ಹಾಕಿದ ಬದನೆಕಾಯಿ ಚೆನ್ನಾಗಿರುತ್ತವೆ. ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಒಂದಿಷ್ಟು ಪೆಟ್ಟಿಗೆಯಲ್ಲಿದ್ದರೆ ಹಿರಿಯರ ಹೊಟ್ಟೆ ತಣ್ಣಗಿರುತ್ತದೆ.

ಹಿಂತಿರುಗುವಾಗ

ಬರುವಾಗ ಕೊಟ್ಟ ವಲಸೆ ಚೀಟಿಯನ್ನು ಪಾಸ್‌ಪೋರ್ಟಿನೊಳಗೇ ಇಡಿ, ಹೊರಡುವಾಗ ಕೇಳುತ್ತಾರೆ. ಪ್ರತಿ ಹೋಟೆಲಿನವರೂ ನಿಮ್ಮ ಹೆಸರು ನೋಂದಾಯಿಸಿ ಕೊಡುವ ಕಾಗದವನ್ನು ಕೇಳಿ ಪಡೆಯಿರಿ. ಮಾಸ್ಕೋದಿಂದ ಬೆಂಗಳೂರಿಗೆ ಗಲ್ಫ್ ಅಥವಾ ದೆಹಲಿ ದಾರಿಯಲ್ಲಿ ಬರುವವರು ಎರಡೂ ವಿಮಾನಗಳನ್ನು ಒಂದೇ ಟಿಕೆಟ್‌ನಲ್ಲಿ ಮಾಡಿಸಿ. ಮಾಸ್ಕೋ ನಿಲ್ದಾಣ ಕೆಲ ಗಂಟೆ ಮುಚ್ಚಿದರೂ ಮುಂದಿನ ವಿಮಾನದ ಹೊಣೆ ಆಗ ವಿಮಾನ ಕಂಪನಿಯದಾಗುತ್ತದೆ. ಮಕ್ಕಳ ಶಾಲೆ ತೆರೆಯುವ ದಿನಕ್ಕೂ ನೀವು ಊರು ತಲುಪುವ ದಿನಕ್ಕೂ ನಡುವೆ ಎರಡು ದಿನ ಬಿಡಿ.